ಗ್ರಿಲ್‌ಮೀಮಾಂಸೆ: ಮೂರು ಮತಗಳ ನಡುವೆ ಒಂದು ಬಂಪರು

ಅನುಬಂಧ ಚತುಷ್ಟಯ

ಯಾವ ಶಾಸ್ತ್ರವೇ ಆಗಲಿ, ಶುರುವಾಗುವ ಮುನ್ನ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಬಿಎಂಡಬ್ಲ್ಯು ಕಾರಿನ ಮುಂದಿನ ಜೋಡಿ ಗ್ರಿಲ್ಲನ್ನು ಮನೆಯಲ್ಲೇ ಬದಲಾಯಿಸುವುದು. ಅಧಿಕಾರಿ: ವಾರಂಟಿ ತೀರಿದ, ಇಎಂಐ ಮಾತ್ರ ತೀರದ ಗೃಹಸ್ಥ. ಸಂಬಂಧ: ಗ್ರಿಲ್ಲಿಗೂ ಬಂಪರಿಗೂ ಇರುವಂಥದು, ಪ್ಲಾಸ್ಟಿಕ್ ಲಾಕುಗಳಿಂದ ಉಂಟಾದದ್ದು. ಪ್ರಯೋಜನವನ್ನು ಕಡೆಯಲ್ಲಿ ವಿಚಾರಿಸೋಣ. ಈಗಲೇ ಹೇಳಿದರೆ ಯಾರೂ ಬಾನೆಟ್ ಎತ್ತಲಾರರು.

ಇತಿಹಾಸ ಖಂಡ

ರೇಡಿಯೇಟರಿಗೆ ಗಾಳಿ ಬೇಕು. ಗಾಳಿಯ ಜತೆ ಬರುವ ಕಲ್ಲು, ಕಡ್ಡಿ, ಜೀರುಂಡೆ ಬೇಡ. ಗ್ರಿಲ್ಲಿನ ಮೂಲತತ್ತ್ವ ಇಷ್ಟೇ. 1901ರ ಮರ್ಸಿಡಿಸ್‌ಗೆ ವಿಲ್ಹೆಲ್ಮ್ ಮೇಬಾಖ್ ಕೂರಿಸಿದ ಜೇನುಗೂಡು ರೇಡಿಯೇಟರಿನಲ್ಲಿ 8,070 ಪುಟ್ಟ ಕೊಳವೆಗಳಿದ್ದವು. ಆಗ ಕಾರಿನ ಮುಖವೆಂದರೆ ರೇಡಿಯೇಟರೇ, ಮುಚ್ಚುಮರೆ ಇರಲಿಲ್ಲ.

1933ರಲ್ಲಿ ಬಿಎಂಡಬ್ಲ್ಯು 303 ಎರಡು ಹೋಳಿನ ಗ್ರಿಲ್ ಹೊತ್ತು ಬಂತು. ಮುಂದೆ ಕಿಡ್ನಿ ಗ್ರಿಲ್ ಎಂದು ಹೆಸರಾದದ್ದು ಇದೇ. ಎಡ ಬೇರೆ, ಬಲ ಬೇರೆ, ಎರಡೂ ಸತ್ಯ: ಉಡುಪಿಯ ಮತಕ್ಕೆ ಇದಕ್ಕಿಂತ ಗಟ್ಟಿ ಆಧಾರ ಜರ್ಮನಿಯಿಂದ ಬರುವಂತಿಲ್ಲ. ಆದರೆ 2018ರಲ್ಲಿ ಬಂದ ಏಳನೇ ತಲೆಮಾರಿನ 3 ಸೀರೀಸ್‌ನಲ್ಲಿ ಹೋಳುಗಳು ನಡುವೆ ಕೂಡಿಕೊಂಡು, ಎರಡಾಗಿದ್ದೂ ಒಂದೇ ಶರೀರದ ಅಂಗಗಳಾದವು. ಮೇಲುಕೋಟೆಯ ಪಕ್ಷಕ್ಕೆ ಬಲ ಬಂತು. ಇನ್ನು 2013ರ ಐ3 ಎಂಬ ವಿದ್ಯುತ್ ಕಾರಿನಲ್ಲಿ ಗ್ರಿಲ್ ಕಾಣುತ್ತದೆ, ಆದರೆ ಮುಚ್ಚಿದೆ. ಒಳಗೆ ಗಾಳಿ ಹೋಗದು. ಕಂಡೂ ಇಲ್ಲದ ವಸ್ತುವಿಗೆ ಶೃಂಗೇರಿಯಲ್ಲಿ ಏನೆನ್ನುತ್ತಾರೆಂದು ವಾಚಕರು ಬಲ್ಲರು.

ಪ್ರಸ್ತುತ ಗ್ರಂಥ ಆರನೇ ತಲೆಮಾರಿನ 3 ಸೀರೀಸ್‌ಗೆ ಸಂಬಂಧಿಸಿದ್ದು. ಅದು ಶುದ್ಧ ದ್ವೈತಿ.

ಪೂರ್ವಪಕ್ಷ

ಬಂಪರ್ ಬಿಚ್ಚದೆ ಗ್ರಿಲ್ ಬಾರದೆನ್ನುವವರು ಬಂಪರ್‌ವಾದಿಗಳು. ಇವರ ಮಠಗಳಿಗೆ ಗ್ಯಾರೇಜೆಂದು ಹೆಸರು. ಲೇಬರ್ ಚಾರ್ಜೇ ದೀಕ್ಷಾದಕ್ಷಿಣೆ. ಎರಡನೆಯವರು ಆಕರ್ಷಣವಾದಿಗಳು: ‘ಎರಡೂ ಕೈಯಲ್ಲಿ ಹಿಡಿದು ಎಳೀರಿ, ಬರದೆ ಎಲ್ಲಿಗೆ ಹೋಗತ್ತೆ?’ ಬರುತ್ತದೆ, ನಿಜ. ಲಾಕುಗಳು ಮಾತ್ರ ಮುರಿದು ಬಂಪರಿನೊಳಗೇ ಉಳಿಯುತ್ತವೆ. ಮೂರನೆಯದು ಸಾಕ್ಷಿವಾದ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕೈಕಟ್ಟಿ ಸುತ್ತುವರಿಯುವ ನೆರೆಯವರು ಈ ಪಂಥದವರು. ಯಾವ ಕರ್ಮವೂ ಇವರಿಗೆ ಅಂಟದು. ‘ಜೆ.ಸಿ. ರೋಡಲ್ಲಿ ಕೊಟ್ಟಿದ್ರೆ ಹತ್ತೇ ನಿಮಿಷ ಸಾರ್’ ಎಂಬುದು ಇವರ ಮಹಾವಾಕ್ಯ.

ಸಿದ್ಧಾಂತ

ಎಂಜಿನ್ ತಣ್ಣಗಿರಲಿ. ಚಳಿಯಲ್ಲಿ ಪ್ಲಾಸ್ಟಿಕ್ ಪೆಡಸಾಗಿ ಪಟ್ಟನೆ ಮುರಿಯುವುದರಿಂದ, ಕಾರನ್ನು ಮೊದಲು ಎಳೆಬಿಸಿಲಿಗೆ ಬಿಡುವುದು ಶಾಸ್ತ್ರಸಮ್ಮತ. ಗ್ರಿಲ್ ಸುತ್ತ ಬಂಪರಿನ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಚಪ್ಪಟೆ ಸ್ಕ್ರೂಡ್ರೈವರಿನ ಮೂತಿಗೂ ಒಂದೆರಡು ಸುತ್ತು ಸುತ್ತಬೇಕು. ಬಾನೆಟ್ ಎತ್ತಿ, ಗ್ರಿಲ್ಲಿನ ಬೆನ್ನಿಗೆ ಕೈ ತೂರಿಸಿ, ಅಂಚಿನ ಲಾಕನ್ನು ಬೆರಳಲ್ಲೇ ತಡಕಿ ಒತ್ತಿ, ಬೆರಳಿಗೆ ಬಗ್ಗದಿದ್ದರೆ ಆ ಸ್ಕ್ರೂಡ್ರೈವರಿನಿಂದ ಒತ್ತಿ, ಮುಂದಿನಿಂದ ಇನ್ನೊಂದು ಕೈಯಲ್ಲಿ ತುಸುವೇ ಎಳೆಯಬೇಕು. ಎರಡನೆಯ ಲಾಕಿಗೆ ಕೈಹಾಕುವಷ್ಟರಲ್ಲಿ ಮೊದಲನೆಯದು ಮರಳಿ ಕೂತುಬಿಡುತ್ತದೆ. ಪುನರ್ಜನ್ಮವನ್ನು ನಂಬದವರು ಇಲ್ಲಿ ನಂಬತೊಡಗುತ್ತಾರೆ. ಪರಿಹಾರ: ಬಿಟ್ಟುಕೊಂಡ ಲಾಕಿನ ಸಂದಿಗೆ ಅವಧಿ ಮುಗಿದ ಎಟಿಎಂ ಕಾರ್ಡು ತುರುಕುವುದು. ಕಾರ್ಡಿಗೂ ಸದ್ಗತಿ.

ಹೊಸದನ್ನು ಎಡದ್ದು ಎಡಕ್ಕೆ, ಬಲದ್ದು ಬಲಕ್ಕೇ ಒತ್ತಬೇಕು. ಎಲ್ಲವೂ ಒಂದೇ ಎನ್ನುವವರ ಕೆಲಸ ಇಲ್ಲಿ ಕೆಡುತ್ತದೆ.

ಕೂತಿತೆಂಬುದಕ್ಕೆ ಪ್ರಮಾಣವೇನು? ಕಣ್ಣಿಗೆ ನೆಟ್ಟಗೆ ಕಂಡದ್ದು ಮುಂದಿನ ಹಂಪಿನಲ್ಲಿ ಕಳಚಿಬೀಳಬಹುದು, ಪ್ರತ್ಯಕ್ಷ ಸಾಲದು. ಅನುಮಾನ ಮಾಲೀಕನಿಗೆ ಹೇಗೂ ಇದ್ದೇ ಇರುತ್ತದೆ. ಉಳಿದದ್ದು ಶಬ್ದ: ಲಾಕಿಗೊಂದು ‘ಟಕ್’. ಟಕ್ಕೆನ್ನದ್ದು ಕೂತಿಲ್ಲ.

ಫಲಶ್ರುತಿ

ಕ್ರೋಮ್ ಹೋಗಿ ಮಿರುಗುವ ಕಪ್ಪು ಗ್ರಿಲ್ ಬಂದುದರಿಂದ ಎಂಜಿನ್ನಿಗೆ ಒಂದು ಕುದುರೆಯ ಬಲವೂ ಕೂಡದು, ಮೈಲೇಜೂ ಏರದು. ಚೆಲುವಿಗಾಗಿ ಎನ್ನೋಣವೆಂದರೆ, ಸ್ಟೀರಿಂಗ್ ಹಿಂದೆ ಕೂತವನಿಗೆ ಗ್ರಿಲ್ ಕಾಣುವುದೇ ಇಲ್ಲ. ಅದನ್ನು ಕಾಣುವವನು ಮುಂದಿನ ಗಾಡಿಯವನು, ತನ್ನ ಕನ್ನಡಿಯಲ್ಲಿ. ದುಡ್ಡು ನಮ್ಮದು, ತರಚಿದ ಬೆರಳು ನಮ್ಮದು, ದರ್ಶನ ಪರರದು. ಆದ್ದರಿಂದ ಗ್ರಿಲ್ ಬದಲಾವಣೆ ನಿಷ್ಕಾಮಕರ್ಮವೆಂದು ಸಿದ್ಧವಾಯಿತು.

ಆಕ್ಷೇಪ: ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮುಂದಿನವನು ಆ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರೆ?

ಸಮಾಧಾನ: ಫಲದ ಆಸೆ ಬಿಟ್ಟವನಿಗೆ ಅದು ತಟ್ಟದು. ಹಾರ್ನ್ ಒತ್ತಿ ಅವನ ಗಮನ ಸೆಳೆದವನಿಗೆ ಮಾತ್ರ ಈ ಪುಣ್ಯವಿಲ್ಲ.