ಮಿತಾಕ್ಷರ ಪಾಸ್‌ವರ್ಡ್ ಮತ್ತು ಅಂಡರ್‌ಟೇಕರನ ಏಳು ಜೀವ
(ತಿಕೋಟಾ–ಬಬಲೇಶ್ವರ–ವಿಜಯಪುರ ತ್ರಿಕೋನದ ಟೀವಿ ಕುಸ್ತಿಯನ್ನು ಕುರಿತು, ಯಾವ ವಿಶ್ವವಿದ್ಯಾಲಯವೂ ಕೇಳದಿದ್ದ ಮಹಾಪ್ರಬಂಧವೊಂದರ ಸಾರಲೇಖ)

ಅಧ್ಯಾಯ 1: ವ್ಯಾಪ್ತಿ, ಮಿತಿ ಮತ್ತು ಮಿತಿಮೀರಿದ ಸಂಗತಿಗಳು

ಪ್ರಸ್ತುತ ಅಧ್ಯಯನದ ಕ್ಷೇತ್ರ ಮೂಡಲಿಗೆ ಗೋಳಗುಮ್ಮಟ, ಪಡುವಲಿಗೆ ಅಥಣಿ ರಸ್ತೆಯ ತಿಕೋಟಾ, ನೈರುತ್ಯಕ್ಕೆ ಜಮಖಂಡಿ ದಾರಿಯ ಬಬಲೇಶ್ವರ. ಈ ತ್ರಿಕೋನದೊಳಗೆ ಅಮೆರಿಕದ ಕುಸ್ತಿ ಯಾವಾಗ ಬಂದು ನೆಲೆಸಿತೆಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಈ ವಿಷಯದ ವಿದ್ವಾಂಸ ನಾನೊಬ್ಬನೇ ಆದರೂ ನನ್ನಲ್ಲಿಯೇ ಎರಡು ಅಭಿಪ್ರಾಯಗಳಿವೆ. ತೊಂಬತ್ತರ ದಶಕದಲ್ಲಿ ಮಾಳಿಗೆಯ ಮೇಲೆ ಛತ್ರಿ ಏರಿಸಿದ ಕೇಬಲ್‌ನವನ ಕೈಯಿಂದ ಬಂತೆಂಬುದು ಒಂದು. ಅದಕ್ಕಿಂತ ಮೊದಲೇ ಟ್ರಂಪ್ ಕಾರ್ಡಿನ ರೂಪದಲ್ಲಿ ಶಾಲೆಯ ಪಾಟೀಚೀಲದೊಳಗೆ ಬಂತೆಂಬುದು ಇನ್ನೊಂದು. ಎತ್ತರ, ತೂಕ, ಎದೆ, ಬೈಸೆಪ್ಸ್, ಆಡಿದ ಕುಸ್ತಿ, ಗೆದ್ದ ಕುಸ್ತಿ ಎಂದು ಆರೇಳು ಸಾಲಿನಲ್ಲಿ ಮನುಷ್ಯನ ಬದುಕನ್ನು ಮುಗಿಸುವ ಆ ಕಾರ್ಡುಗಳಿಗಿಂತ ಸಂಕ್ಷಿಪ್ತವಾದ ಚರಿತ್ರೆ ನಮ್ಮ ಶಾಸನಗಳಲ್ಲೂ ಇಲ್ಲ. ಹದಿಮೂರರ ಮಗ್ಗಿ ಬಾರದ ಹುಡುಗನಿಗೆ ಯೊಕೊಜುನಾನ ತೂಕ ಬರುತ್ತಿತ್ತು. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ನಮ್ಮೂರಿನ ಮಲಿಕ್-ಎ-ಮೈದಾನ್ ತೋಪಿನದೂ ಒಂದು ಕಾರ್ಡು ಮಾಡಿಸಿದ್ದರೆ ತೂಕದ ಸಾಲಿನಲ್ಲಿ ಯೊಕೊಜುನಾನಿಗೆ ಎರಡನೆಯ ಸ್ಥಾನವೇ ಗತಿಯಾಗುತ್ತಿತ್ತು. ಪ್ರಾಚ್ಯವಸ್ತು ಇಲಾಖೆ ಇದನ್ನು ಗಮನಿಸಬೇಕು.

ಹೆಸರಿನ ಬಗ್ಗೆ ಒಂದು ಮಾತು. ವನ್ಯಜೀವಿ ಸಂರಕ್ಷಣೆಯ ಸಂಸ್ಥೆಯೊಂದು ಕೋರ್ಟಿಗೆ ಹೋಗಿ ಗೆದ್ದದ್ದರಿಂದ 2002ರ ಮೇ ತಿಂಗಳಲ್ಲಿ ಡಬ್ಲ್ಯುಡಬ್ಲ್ಯುಎಫ್ ಹೋಗಿ ಡಬ್ಲ್ಯುಡಬ್ಲ್ಯುಇ ಆಯಿತು. ತ್ರಿಕೋನದಲ್ಲಿ ಈ ತೀರ್ಪು ಇನ್ನೂ ಜಾರಿಗೆ ಬಂದಿಲ್ಲ. 2014ರ ನವೆಂಬರ್ 1ರಂದು ಸರಕಾರವೇ ವಿಜಯಪುರ ಎಂದು ಬರೆಸಿದ ಊರನ್ನು ಕಂಡಕ್ಟರ್ ಇಂದಿಗೂ ‘ಬಿಜಾಪೂರ, ಬಿಜಾಪೂರ’ ಎಂದೇ ಕೂಗುವಾಗ, ವಿಲಾಯತಿ ನ್ಯಾಯಾಧೀಶರ ಮಾತು ಯಾರು ಕೇಳಬೇಕು?

ಅಧ್ಯಾಯ 2: ಪೂರ್ವಪಕ್ಷ

ಪೂರ್ವಪಕ್ಷ ಮಂಡಿಸದೆ ಸಿದ್ಧಾಂತಕ್ಕೆ ಕೈಹಾಕುವುದು ಶಾಸ್ತ್ರಸಮ್ಮತವಲ್ಲ. ಪೂರ್ವಪಕ್ಷ ಹೀಗಿದೆ: ‘ಎಲ್ಲಾ ಸುಳ್ಳ ಐತೋ ತಮ್ಮಾ.’

ಇದನ್ನು ಪ್ರತಿಪಾದಿಸಿದ ಆಚಾರ್ಯರು ನಮ್ಮ ಕಾಕಾ. ಪ್ರಾಯದಲ್ಲಿ ತಾಲೀಮಿನ ಮಣ್ಣು ಮೈಗೆ ಹಚ್ಚಿಕೊಂಡವರು. ಉಜ್ಜಿ ಉಜ್ಜಿ ಮುದ್ದೆಯಾದ ಎಡಗಿವಿಯೇ ಅವರ ಪದವಿ ಪ್ರಮಾಣಪತ್ರ. ಟೀವಿಯನ್ನು ಅವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ನೋಡುವರು, ಕೂತರೆ ಒಪ್ಪಿಕೊಂಡಂತಾಗುತ್ತದೆ. ಗುದ್ದು ಬಿದ್ದಾಗಲೆಲ್ಲ ‘ಕಾಲಿಲೆ ಹಲಗಿ ಒದ್ದು ಸಪ್ಪಳಾ ಮಾಡ್ಯಾನ, ಮಾರಿಗೆ ಕೈ ಹತ್ತೇ ಇಲ್ಲ’ ಎಂದು ವ್ಯಾಖ್ಯಾನ ಮಾಡುವರು. ಆದರೆ ಮಡಚುವ ಕುರ್ಚಿ ಹಿಡಿದು ಹಿಂದಿನಿಂದ ಒಬ್ಬ ಬಂದನೋ, ‘ಏ, ಹಿಂದ ನೋಡಲೇ!’ ಎಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಒದರುವವರೂ ಅವರೇ. ಈ ವಿರೋಧಾಭಾಸವನ್ನು ಬಿಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಕಾಕಾ ಹೇಳಿದ್ದನ್ನೇ, ಈ ಕುಸ್ತಿ ನಡೆಸುತ್ತಿದ್ದ ವಿನ್ಸ್ ಮೆಕ್‌ಮಹನನ ಕಂಪನಿ 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಸೆನೆಟ್ಟಿನ ಮುಂದೆ ಒಪ್ಪಿಕೊಂಡಿತು: ಇದು ಸ್ಪರ್ಧೆಯಲ್ಲ, ಮನರಂಜನೆ. ಸತ್ಯದ ಮೇಲಿನ ಪ್ರೀತಿಗಲ್ಲ. ಕ್ರೀಡೆ ಎಂದರೆ ಆಯೋಗ, ಪರವಾನಿಗೆ, ತೆರಿಗೆ ಎಲ್ಲ ಬೆನ್ನು ಹತ್ತುತ್ತವೆ. ಆಟ-ನೋಟ ಎಂದರೆ ತಪ್ಪುತ್ತವೆ. ಜಗತ್ತು ಮಿಥ್ಯೆಯೆಂದು ಶಂಕರಾಚಾರ್ಯರು ಪುಕ್ಕಟೆ ಹೇಳಿದ್ದನ್ನು ಇವರು ತೆರಿಗೆ ಉಳಿಸಲು ಹೇಳಿದರು. ಫ್ರಾನ್ಸಿನ ರೋಲಾಂ ಬಾರ್ತ್ ಅದಕ್ಕೂ ಮೊದಲು, 1957ರ ‘ಮಿಥಾಲಜೀಸ್’ ಪುಸ್ತಕದ ಮೊದಲ ಲೇಖನವನ್ನೇ ಇಂಥ ಕುಸ್ತಿಗೆ ಮೀಸಲಿಟ್ಟು, ಇದು ಆಟವಲ್ಲ, ಪ್ರದರ್ಶನ; ನೋವು, ಸೋಲು, ನ್ಯಾಯ ಇವು ಕಟ್ಟಕಡೆಯ ಸಾಲಿನವನಿಗೂ ಕಾಣುವಂತೆ ಇಲ್ಲಿ ನಡೆಯುತ್ತವೆ ಎಂದು ವಾದಿಸಿದ್ದರು. ದೊಡ್ಡಾಟ ನೋಡಿ ಬೆಳೆದವರಿಗೆ ಇದರಲ್ಲಿ ಹೊಸತೇನಿದೆ? ಪಾತ್ರ ಬಂದು ರಂಗದ ಮೇಲೆ ಕುಣಿಯುತ್ತದೆ, ತಾವು ಯಾರು, ಯಾವೂರು, ಬಂದ ಕಾರಣವೇನು ಎಂದು ಸಾರಥಿ ಕೇಳುತ್ತಾನೆ, ಆಮೇಲೆಯೇ ಯುದ್ಧ. ಬ್ರಾಕ್ ಲೆಸ್ನರನ ಪಕ್ಕದಲ್ಲಿ ಮೈಕು ಹಿಡಿದು ನಿಂತು ಒಡೆಯನ ಬಿರುದಾವಳಿ ಉಗ್ಗಡಿಸುವ ಪಾಲ್ ಹೇಮನ್ ಯಾರು ಮತ್ತೆ? ಕೋಟು ಹಾಕಿದ ಸಾರಥಿ.

ಇನ್ನು ಹೊರಗಿನವರು ಕೈಹಾಕುವ ಕುಟಿಲತೆ. ಭೀಮ–ದುರ್ಯೋಧನರ ಗದಾಯುದ್ಧದಲ್ಲಿ ಕಣದ ಹೊರಗೆ ನಿಂತು ತೊಡೆಯ ಸನ್ನೆ ಕೊಟ್ಟವನು ಯಾರು? ಸೊಂಟದ ಕೆಳಗೆ ಹೊಡೆದದ್ದು ಯಾರು? ಇಬ್ಬರಿಗೂ ಗದೆ ಕಲಿಸಿದ ಬಲರಾಮ ಸಿಟ್ಟಿಗೆದ್ದು ಏನು ಮಾಡಲಾಯಿತು? ಅಮೆರಿಕದ ರೆಫರಿಗಳು ಬಲರಾಮನ ವಂಶದವರೆಂಬುದರಲ್ಲಿ ನನಗೆ ಅನುಮಾನವಿಲ್ಲ, ಯಾವ ನಿರ್ಣಾಯಕ ಗಳಿಗೆಯಲ್ಲೂ ಅವರಿಂದ ಏನೂ ಆದದ್ದಿಲ್ಲ. ಈ ಪಂದ್ಯಕ್ಕೊಂದು ಕಾವ್ಯವನ್ನೇ ಕಟ್ಟಿದ ರನ್ನ ಮುಧೋಳದವನು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಮುಧೋಳ ನಮ್ಮ ಜಿಲ್ಲೆಯಲ್ಲೇ ಇತ್ತು. ಅಷ್ಟರಮಟ್ಟಿಗೆ ಈ ಶಾಸ್ತ್ರದ ಮೂಲಪೀಠ ನಮ್ಮದು.

ಈಗ ವಿಷಯಕ್ಕೆ ಬರೋಣ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಜಂಗಿ ಕುಸ್ತಿ ನಡೆಯುತ್ತವೆ. ಹಲಗಿ ಬಾರಿಸುತ್ತಾರೆ, ಪಂಚರು ಪೇಟಾ ಸುತ್ತಿಕೊಂಡು ಜೋಡಿ ಹಚ್ಚುತ್ತಾರೆ, ಪೈಲ್ವಾನರು ಮಣ್ಣು ಹಣೆಗೆ ಒತ್ತಿಕೊಂಡು ಇಳಿಯುತ್ತಾರೆ. ಅಲ್ಲಿ ಸುಳ್ಳಿಗೆ ಎಡೆಯೇ ಇಲ್ಲ. ಬೆನ್ನಿಗೆ ಮಣ್ಣು ಹತ್ತಿದವನು ಸೋತ. ಅಂಥ ಕಣದ ಅಂಚಿನಲ್ಲಿ ಕೂತ ನಮ್ಮ ಕಾಕಾ, ಇಬ್ಬರು ಒಂದಿಷ್ಟು ಹೊತ್ತು ಕುತ್ತಿಗೆಗೆ ಕುತ್ತಿಗೆ ಕೊಟ್ಟು ಅಲುಗದೆ ನಿಂತರೆ ಸಾಕು, ‘ಹೊಂದಾಣಿಕಿ ಕುಸ್ತಿ! ಬಿಡಸ್ರಿ ಇವರನ್ನ!’ ಎಂದು ಕೂಗುತ್ತಾರೆ. ಖರೆ ಕುಸ್ತಿ ನೋಡುವಾಗ ಸುಳ್ಳೆಂದು ಗುಮಾನಿ. ಸುಳ್ಳು ಕುಸ್ತಿ ನೋಡುವಾಗ ಹಿಂದೆ ಬಂದವನ ಬಗ್ಗೆ ಎಚ್ಚರಿಕೆ. ರಿಂಗಿನಲ್ಲಿ ಕಿಂಗ್ ಕಾಂಗನೊಂದಿಗೆ ಸೆಣಸಿದ ದಾರಾ ಸಿಂಗನದೆಲ್ಲ ನಾಟಕ ಎನ್ನುತ್ತಿದ್ದ ಅಜ್ಜ, ಅದೇ ದಾರಾ ಸಿಂಗ್ 1987ರಲ್ಲಿ ಟೀವಿ ರಾಮಾಯಣದ ಹನುಮಂತನಾಗಿ ಬಂದಾಗ ಚಪ್ಪಲಿ ಬಿಟ್ಟು ಕೈಮುಗಿದ. ಇದರಿಂದ ಸಿದ್ಧವಾಗುವುದೇನೆಂದರೆ, ನಂಬಿಕೆ ಇರುವುದು ಕಣದಲ್ಲಲ್ಲ, ಜಗಳದಲ್ಲಿ. ಒಬ್ಬ ಸುಳ್ಳೆನ್ನಬೇಕು, ಇನ್ನೊಬ್ಬ ಖರೆ ಎಂದು ಹಟ ಹಿಡಿಯಬೇಕು. ರಿಂಗಿನಲ್ಲಿ ಇಬ್ಬರಿದ್ದರೆ ಬಾಗಿಲಲ್ಲಿ ಮೂರನೆಯವನು ನಿಂತಿರಬೇಕು. ಈ ಮೂರನೆಯ ಪೈಲ್ವಾನನನ್ನು ಪ್ರಸ್ತುತ ಪ್ರಬಂಧವು ‘ಸುಳ್ಳೆಂಬವ’ ಎಂದು ಕರೆಯುತ್ತದೆ.

ಅಧ್ಯಾಯ 3: ಏಳು ಜೀವ

ಅಂಡರ್‌ಟೇಕರನಿಗೆ ಏಳು ಜೀವ ಎಂಬುದು ತ್ರಿಕೋನದ ಮಕ್ಕಳಿಗೆ ಶ್ರುತಿವಾಕ್ಯ. ಇದರ ಆಕರವನ್ನು ನಾನು ಪತ್ತೆಹಚ್ಚಿದ್ದೇನೆ.

1994ರ ಜನವರಿಯಲ್ಲಿ ಯೊಕೊಜುನಾ ಮತ್ತವನ ಬಳಗ ಅಂಡರ್‌ಟೇಕರನನ್ನು ಶವಪೆಟ್ಟಿಗೆಗೆ ನೂಕಿ ಮುಚ್ಚಳ ಹಾಕಿತು. ಅದೇ ಆಗಸ್ಟಿನಲ್ಲಿ ಶಿಕಾಗೋದ ಸಮ್ಮರ್‌ಸ್ಲ್ಯಾಮಿನಲ್ಲಿ ಒಬ್ಬನಲ್ಲ, ಇಬ್ಬರು ಅಂಡರ್‌ಟೇಕರರು ಎದುರುಬದುರು ನಿಂತರು. ಒಬ್ಬ 1990ರಿಂದ ಆ ವೇಷ ಕಟ್ಟಿದ್ದ ಮಾರ್ಕ್ ಕ್ಯಾಲವೇ, ಇನ್ನೊಬ್ಬ ಬ್ರಯಾನ್ ಲೀ. ಕೈಗವಸಿನ ಬಣ್ಣ ನೋಡಿ ತಿಳಿಯಬೇಕಿತ್ತು: ನೇರಳೆ ಅಸಲಿ, ಬೂದಿ ನಕಲಿ. ತಿಕೋಟಾದ ವಕ್ತೃವೊಬ್ಬರ ಮನೆಯಲ್ಲಿ ಇದ್ದದ್ದು ಕಪ್ಪು-ಬಿಳುಪು ಟೀವಿ. ಅದರಲ್ಲಿ ಎರಡೂ ಬೂದಿ. ಸತ್ತವನು ಬಂದ, ಎರಡಾಗಿ ಬಂದ, ಒಬ್ಬ ಬಿದ್ದ, ಒಬ್ಬ ಉಳಿದ. ಯಾರು ಬಿದ್ದರು, ಯಾರು ಉಳಿದರು ತಿಳಿಯಲಿಲ್ಲ. ಹತ್ತು ವರ್ಷದ ಹುಡುಗ ಇದಕ್ಕೆ ಏಳು ಜೀವದ ಸಿದ್ಧಾಂತವಲ್ಲದೆ ಬೇರೇನು ತಂದಾನು?

ಬ್ರಯಾನ್ ಲೀಯ ಮಹತ್ವವನ್ನು ಜಗತ್ತಿನ ವಿದ್ವಾಂಸರು ಇನ್ನೂ ಅರಿತಿಲ್ಲ. 1996ರಲ್ಲಿ ‘ಖಿಲಾಡಿಯೋಂ ಕಾ ಖಿಲಾಡಿ’ ಸಿನೆಮಾ ಬಂತು. ಅದರಲ್ಲಿ ಅಕ್ಷಯ್ ಕುಮಾರ್ ಅಂಡರ್‌ಟೇಕರನನ್ನು ಎತ್ತಿ ಒಗೆಯುತ್ತಾನೆ. ಟಾಕೀಜಿನ ಹೊರಗೆ ಮಾತೇ ಮಾತು: ಅಮೆರಿಕದಾಗ ಯಾರಿಗೂ ಆಗದ್ದು ನಮ್ಮವ ಮಾಡ್ಯಾನ! ಹಾಗೆ ಎತ್ತಿಸಿಕೊಂಡವನು ಅಸಲಿಯಲ್ಲ, ಅದೇ ಬ್ರಯಾನ್ ಲೀ. ಶಿಕಾಗೋದಲ್ಲಿ ನಕಲಿಯೆಂದು ಸಾಬೀತಾಗಿ ಸೋತವನು ಬಿಜಾಪುರದಲ್ಲಿ ಅಸಲಿಯೆಂದು ನಂಬಿಸಿ ಸೋತ. ಕಾಲು ಶತಮಾನದ ಬಳಿಕ, 2021ರಲ್ಲಿ, ಸ್ವತಃ ಅಕ್ಷಯ್ ಕುಮಾರನೇ ಆ ವಿಷಯ ಹೇಳಿಕೊಂಡ. ತ್ರಿಕೋನದ ಹಲವು ಗೆಳೆತನಗಳು ಇದರಿಂದ ಮತ್ತೆ ಕೂಡಿಕೊಂಡವು, ಕೆಲವು ಹೊಸದಾಗಿ ಮುರಿದವು.

ಅಂಡರ್‌ಟೇಕರ್ ಬರುವ ಮುನ್ನ ಒಂದು ಗಂಟೆ ಬಾರಿಸುತ್ತಿತ್ತು, ದೀಪ ಆರುತ್ತಿದ್ದವು. ಗೋಳಗುಮ್ಮಟದ ಪಿಸುಮಾತಿನ ಸುತ್ತುಮೊಗಸಾಲೆಯಲ್ಲಿ ಶಾಲಾ ಟ್ರಿಪ್ಪಿಗೆ ಬಂದ ಹುಡುಗರಲ್ಲಿ ಒಬ್ಬನಾದರೂ ಗೋಡೆಗೆ ಬಾಯಿಹಚ್ಚಿ ‘ಢಣ್‌ಂಂ’ ಎನ್ನುವುದನ್ನು ಕ್ಷೇತ್ರಕಾರ್ಯದಲ್ಲಿ ಕೇಳಿದ್ದೇನೆ. ಕೂಗಿದ್ದು ಏಳು ಸಲ ಮರಳುತ್ತದೆಂದು ಗೈಡುಗಳ ಅಂಬೋಣ. ಏಳು ಜೀವ, ಏಳು ಮರುದನಿ! ಮಹಮ್ಮದ್ ಆದಿಲ್‌ಶಹಾ ಈ ಕಟ್ಟಡ ಎಬ್ಬಿಸಿದ್ದೇ ಇದಕ್ಕಾಗಿ ಎಂದು ವಾದಿಸಲಾರೆನಾದರೂ, ಅವನೂ ಅಲ್ಲಿ ಮಲಗಿರುವುದು ಗೋರಿಯಲ್ಲಿಯೇ ಎಂಬುದನ್ನು ಮರೆಯಬಾರದು.

2014ರ ಏಪ್ರಿಲ್ 6ರಂದು, ರೆಸಲ್‌ಮೇನಿಯಾದಲ್ಲಿ ಸತತ 21 ಗೆದ್ದ ಮೇಲೆ ಅವನು ಲೆಸ್ನರನ ಕೈಯಲ್ಲಿ ಸೋತ. ಈ ಬಗ್ಗೆ ಬರೆಯುವ ಮನಸ್ಸಿಲ್ಲ.

ಅಧ್ಯಾಯ 4: ಕುಸ್ತಿಯ ನಡುವಿನ ಜಾಹೀರಾತುಗಳು

ಉದ್ದವಾಗಿದ್ದವು.

ಅಧ್ಯಾಯ 5: ದಾಯಭಾಗ

2025ರ ಏಪ್ರಿಲ್ 1ರಂದು ಭಾರತದಲ್ಲಿ ಈ ಕುಸ್ತಿ ಸೋನಿ ವಾಹಿನಿಗಳನ್ನು ಬಿಟ್ಟು ನೆಟ್‌ಫ್ಲಿಕ್ಸಿಗೆ ಹೋಯಿತು. ತಿಕೋಟಾದಲ್ಲಿ ಶೆಡ್ಡುಗಳ ತುಂಬ ದ್ರಾಕ್ಷಿ ಒಣಗುವ ಕಾಲ; ಏಪ್ರಿಲ್ ಒಂದನೇ ತಾರೀಕು ಬೇರೆ. ಮೊದಲು ಯಾರೂ ನಂಬಲಿಲ್ಲ. ನಂಬಿದ ಮೇಲೆ ಧರ್ಮಶಾಸ್ತ್ರದ ತೊಡಕು ಎದ್ದಿತು.

ನೆಟ್‌ಫ್ಲಿಕ್ಸಿನ ನಿಯಮ, ಭಾರತಕ್ಕೆ 2023ರ ಜುಲೈಯಲ್ಲಿ ಬಂದದ್ದು, ಇಷ್ಟೇ: ಒಂದು ಖಾತೆ ಒಂದು ಮನೆಯವರಿಗೆ ಮಾತ್ರ. ಸರಿ. ಮನೆಯವರು ಅಂದರೆ ಯಾರು? ನಮ್ಮಲ್ಲಿ ಅಪ್ಪ ಊರೊಳಗೆ, ದೊಡ್ಡಪ್ಪನ ಮಗ ತಿಕೋಟಾದ ತೋಟದ ವಸ್ತಿಯಲ್ಲಿ, ತಂಗಿಯನ್ನು ಕೊಟ್ಟದ್ದು ಬಬಲೇಶ್ವರಕ್ಕೆ. ಒಲೆ ಮೂರು, ಉತಾರ ಒಂದು. ಇದನ್ನು ಕ್ಯಾಲಿಫೋರ್ನಿಯಾದ ಎಂಜಿನಿಯರ್ ವೈಫೈ ನೋಡಿ ತೀರ್ಮಾನಿಸಬೇಕೆ, ವಿಜ್ಞಾನೇಶ್ವರನನ್ನು ಕೇಳಬೇಕೆ? ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಕಲ್ಯಾಣದಲ್ಲಿ ಕೂತು ಆತ ಬರೆದ ಮಿತಾಕ್ಷರವೇ ಶತಮಾನಗಳ ಕಾಲ ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿದ್ದು. ಅದರ ತಿರುಳು: ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನನ ದಾಯಭಾಗದಂತೆಯಾದರೆ ಅಪ್ಪ ತೀರಿಕೊಂಡ ಮೇಲಷ್ಟೇ.

ಪಾಸ್‌ವರ್ಡಿಗೆ ಇದನ್ನು ಅನ್ವಯಿಸಿ ನೋಡಿ. ಪಾಸ್‌ವರ್ಡು ಅಪ್ಪನ ಸ್ವಯಾರ್ಜಿತವೆಂದು ದೊಡ್ಡಪ್ಪನ ಮಗನ ಎದುರು ವಾದ ಹೂಡಬಹುದು. ಆದರೆ ಅದಕ್ಕೆ ತಿಂಗಳಿಗೆ 649 ರೂಪಾಯಿ ಹೋಗುವುದು ದ್ರಾಕ್ಷಿಯ ದುಡ್ಡಿನಿಂದ, ದ್ರಾಕ್ಷಿ ಪಡ ಅಜ್ಜನದು. ಆದ್ದರಿಂದ ಪಾಸ್‌ವರ್ಡು ಪಿತ್ರಾರ್ಜಿತ. 2005ರ ತಿದ್ದುಪಡಿಯಂತೆ ಮಗಳಿಗೂ ಸಮಪಾಲು. ತಂಗಿ ಫೋನಿನಲ್ಲಿ ಇದನ್ನು ಕಲಮು ಸಮೇತ ಹೇಳಿದಳು. ಏಕಕಾಲಕ್ಕೆ ನಾಲ್ಕು ತೆರೆ ಎಂದರೆ ನಾಲ್ವರು ಭಾಗಸ್ಥರು. ಐದನೆಯವರು ಕಾಕಾ. ವಾಟ್ನಿ ಕೂತಾಗ ಅವರು ಹೇಳಿದ್ದು: ‘ನನಗ ಬ್ಯಾಡೋ, ಸುಳ್ಳಿಂದ ಪಾಲು ತಗೊಂಡು ಏನ ಮಾಡ್ಲಿ?’

ಅಧ್ಯಾಯ 6: ಸಿದ್ಧಾಂತ, ಮತ್ತು ಪದವಿ ತಡವಾದ ಕಾರಣ

ತೆರೆಗಳು ಹೆಚ್ಚಿದವು, ಜಗಳ ತಗ್ಗಿತು. ಅಮೆರಿಕದ ಸೋಮವಾರ ರಾತ್ರಿಯ ‘ರಾ’ ನಮಗೆ ಮುಟ್ಟುವುದು ಮಂಗಳವಾರ ನಸುಕಿನಲ್ಲಿ, ಸುಮಾರು ಐದೂವರೆ-ಆರೂವರೆಗೆ. ಆ ಹೊತ್ತಿನಲ್ಲಿ ದೊಡ್ಡಪ್ಪನ ಮಗ ಪಡಕ್ಕೆ ಎಣ್ಣಿ ಹೊಡೆಯಲು ಟ್ರ್ಯಾಕ್ಟರ್ ಹೂಡಿರುತ್ತಾನೆ. ಸ್ಟೀರಿಂಗಿನ ಪಕ್ಕ ಮೊಬೈಲು, ಕಿವಿಯೊಳಗೆ ಇಯರ್‌ಫೋನು. ತಂಗಿ ರೊಟ್ಟಿ ಬಡಿಯುತ್ತ ಅರ್ಧ ನೋಡಿ, ಉಳಿದರ್ಧ ರಾತ್ರಿಗೆ ಇಡುತ್ತಾಳೆ. ಅಳಿಯನಂತೂ ಮೆರವಣಿಗೆಯಂಥ ಪ್ರವೇಶವನ್ನು ಹತ್ತು ಹತ್ತು ಸೆಕೆಂಡಿನಂತೆ ಹಾರಿಸಿ ನೇರವಾಗಿ ಗುದ್ದಾಟಕ್ಕೆ ಹೋಗುತ್ತಾನೆ. ಸಾರಥಿಯ ಪ್ರಶ್ನೆಗೆ ಉತ್ತರಿಸದೆ ರಣರಂಗಕ್ಕೆ ನುಗ್ಗುವ ಪಾತ್ರವನ್ನು ದೊಡ್ಡಾಟದಲ್ಲಾದರೆ ಊರಿನವರು ಇಳಿಸಿ ಕಳಿಸುತ್ತಿದ್ದರು. ಯಾರ ಕಿವಿಗೂ ‘ಸುಳ್ಳ ಐತಿ’ ಎಂಬ ಮಾತು ಬೀಳುವುದಿಲ್ಲ. ಬೀಳದ್ದರಿಂದ ಯಾರೂ ಖರೆ ಎಂದು ಹಟ ಹಿಡಿಯುವುದೂ ಇಲ್ಲ. ಖಾತೆಯಲ್ಲಿ ಐದು ಪ್ರೊಫೈಲಿಗೆ ಜಾಗವಿದೆ. ಐದನೆಯದನ್ನು ಸುಳ್ಳೆಂಬವನಿಗೆ ಕಾಯಂ ಮೀಸಲಿಟ್ಟು, ಅವನ ದನಿ ಉಳಿದ ನಾಲ್ಕೂ ತೆರೆಗಳಲ್ಲಿ ಕೇಳುವಂತೆ ಮಾಡಬೇಕೆಂಬುದು ಈ ಪ್ರಬಂಧದ ಮುಖ್ಯ ಶಿಫಾರಸು.

ಪ್ರಬಂಧವನ್ನು ಇಲ್ಲಿಗೆ ಮುಗಿಸಿ ರಟ್ಟು ಹಾಕಿಸುವವನಿದ್ದೆ. ಅಷ್ಟರಲ್ಲಿ 2025ರ ಡಿಸೆಂಬರ್ 13ರಂದು ವಾಷಿಂಗ್ಟನ್ನಿನಲ್ಲಿ ಜಾನ್ ಸೀನಾನ ಕೊನೆಯ ಕುಸ್ತಿ ಬಂತು. ಹದಿನೇಳು ಸಲ ವಿಶ್ವಪಟ್ಟ ಗೆದ್ದವನು, 2023ರಲ್ಲಿ ನಮ್ಮ ಮಗ್ಗುಲ ಹೈದರಾಬಾದಿಗೂ ಬಂದು ಆಡಿ ಹೋದವನು. ಗುಂಥರ್ ಕುತ್ತಿಗೆ ಒತ್ತಿ ಹಿಡಿದ, ಸೀನಾ ಮುಗುಳ್ನಕ್ಕು ಕೈ ತಟ್ಟಿ ಶರಣಾದ. ಅಳಿಯನ ಮೊಬೈಲಿನಲ್ಲಿ, ಅಂಗೈಯಗಲದ ತೆರೆಯಲ್ಲಿ ಕಾಕಾ ಅದನ್ನು ನೋಡಿದರು. ಆ ದಿನ ಅವರು ಸುಳ್ಳೆನ್ನಲಿಲ್ಲ. ‘ಇದನ್ನ ಸೋಲಂತ ಯಾವ ಪಂಚ ಬರಕೊಂಡಾನ?’ ಎಂದರು. ‘ಬೆನ್ನಿಗೆ ಮಣ್ಣ ಹತ್ತಿಲ್ಲ, ಚಿತ್ ಆಗಿಲ್ಲ, ಕೈ ತಟ್ಟಿದ್ರ ಮುಗೀತೇನು? ನಮ್ಮ ತಾಲೀಮದಾಗ ಆಗಿದ್ರ ಮತ್ತ ಹಿಡಸ್ತಿದ್ರು.’

ನಿಯಮ ಬೇರೆ ಇದೆ ಕಾಕಾ, ಎಂದೆ.

‘ಯಾರ ನಿಯಮ? ಬರದ ಕೊಟ್ಟಿದ್ದ ತೋರ್ಸು.’

ಹೀಗಾಗಿ ಸೀನಾನ ಕುಸ್ತಿ ತ್ರಿಕೋನದ ಮಟ್ಟಿಗೆ ಇನ್ನೂ ನಿಕಾಲಿ ಆಗಿಲ್ಲ. ಕಾಕಾ ತಮ್ಮ ತಾಲೀಮಿನ ಉಸ್ತಾದರನ್ನು ಕೇಳಿಬರುವುದಾಗಿ ಹೇಳಿದ್ದಾರೆ. ಉಸ್ತಾದರಿಗೆ ತೋರಿಸಲು ಆ ಪಂದ್ಯ ಬೇಕು, ಪಂದ್ಯಕ್ಕೆ ಪಾಸ್‌ವರ್ಡು ಬೇಕು, ಪಾಸ್‌ವರ್ಡನ್ನು ತಂಗಿ ಮೊನ್ನೆ ಬದಲಿಸಿದ್ದಾಳೆ.