ದ್ವಿದಂಡ ಸಿದ್ಧಾಂತ ಅಥವಾ ಕಟಮಾರಿ ಉಂಡೆಗೆ ತಕ್ಕ ಕಂಟ್ರೋಲರ್ ಯಾವುದೆಂಬ ವಿಚಾರ

ಯಾವ ಶಾಸ್ತ್ರವನ್ನು ಬರೆಯುವವರೂ ಮೊದಲು ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ‘ಕಟಮಾರಿ ದಮಾಸಿ’ ಎಂಬ ವಿಡಿಯೊ ಗೇಮಿನ ಉಂಡೆ. ಸಂಬಂಧ: ಉಂಡೆಗೂ ಕೈಗೂ ನಡುವೆ ಇರುವ ಕಂಟ್ರೋಲರ್. ಪ್ರಯೋಜನ: ಏನೂ ಇಲ್ಲ. ಅಧಿಕಾರಿ: ಎರಡು ಹೆಬ್ಬೆರಳು ನೆಟ್ಟಗಿದ್ದು, ಪರೀಕ್ಷೆ ಹತ್ತಿರವಿಲ್ಲದ ಯಾರಾದರೂ.

ಕಥಾಭಾಗ ಚಿಕ್ಕದು. ಸಕಲ ಬ್ರಹ್ಮಾಂಡದ ರಾಜನೊಬ್ಬ ಮೋಜಿನ ಭರದಲ್ಲಿ ಆಕಾಶದ ನಕ್ಷತ್ರಗಳನ್ನೆಲ್ಲ ಪುಡಿ ಮಾಡಿಬಿಡುತ್ತಾನೆ. ತಪ್ಪು ಅಪ್ಪನದು, ಬಿಟ್ಟಿ ಚಾಕರಿ ಮಗನದು. 5 ಸೆಂಟಿಮೀಟರ್ ಎತ್ತರದ ರಾಜಕುಮಾರ ಭೂಮಿಗಿಳಿದು ಅಂಟುವ ಉಂಡೆಯೊಂದನ್ನು ಉರುಳಿಸುತ್ತ ಹೋಗಬೇಕು. ಉಂಡೆ ಸಾಕಷ್ಟು ಬೆಳೆದರೆ ಅದೇ ನಕ್ಷತ್ರ. ಮೊದಲ ಹಂತಕ್ಕೆ 10 ಸೆಂಟಿಮೀಟರ್ ಸಾಕು. ಚಂದ್ರನನ್ನು ಮಾಡುವ ಹೊತ್ತಿಗೆ 300 ಮೀಟರ್ ಬೇಕು. ಗುಂಡುಸೂಜಿಯಿಂದ ಶುರುವಾದದ್ದು ಬೆಕ್ಕು, ಹಸು, ಪೊಲೀಸಿನವ, ಕಟ್ಟಡ ಎಲ್ಲವನ್ನೂ ಹೊತ್ತುಕೊಂಡು ಸಾಗುತ್ತದೆ. ನಾಮ್ಕೊ ಕಂಪನಿ 2004ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ಹೊರತಂದ ಈ ಗೇಮಿನ ಕರ್ತೃ ಕೇಟಾ ತಕಹಾಶಿ ಕಾಲೇಜಿನಲ್ಲಿ ಓದಿದ್ದು ಶಿಲ್ಪಕಲೆ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 2012ರಲ್ಲಿ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡ ಮೊದಲ 14 ಗೇಮುಗಳಲ್ಲಿ ಇದೂ ಒಂದು. ಮ್ಯೂಸಿಯಂ ಕೂಡ ಸಿಕ್ಕಿದ್ದನ್ನೆಲ್ಲ ಅಂಟಿಸಿಕೊಂಡು ದಪ್ಪಗಾಗುವ ವಸ್ತುವೇ ಆದ್ದರಿಂದ ಇದರಲ್ಲಿ ಆಶ್ಚರ್ಯಪಡುವುದೇನಿಲ್ಲ.

ಈಗ ತತ್ತ್ವಕ್ಕೆ ಬರೋಣ. ಮಧ್ವಾಚಾರ್ಯರು ಐದು ಭೇದಗಳನ್ನು ಹೇಳಿದರು. ಉಂಡೆ ಅವನ್ನು ಲೆಕ್ಕಕ್ಕಿಡುವುದಿಲ್ಲ; ಜೀವವೂ ಅಂಟುತ್ತದೆ, ಜಡವೂ ಅಂಟುತ್ತದೆ. ಅದಕ್ಕೆ ಗೊತ್ತಿರುವುದು ಒಂದೇ ಭೇದ: ತನಗಿಂತ ಚಿಕ್ಕದು, ತನಗಿಂತ ದೊಡ್ಡದು. ಅಂತೂ ಪರದೆಯ ಮೇಲೆ ನಡೆಯುವುದು ಅಪ್ಪಟ ಅದ್ವೈತ. ಆದರೆ ಕೈಯಲ್ಲಿ? ಅಲ್ಲಿ ಎರಡು ಸ್ಟಿಕ್ಕುಗಳಿವೆ. (ಗ್ರಂಥಗೌರವಕ್ಕಾಗಿ ಇನ್ನು ಮುಂದೆ ಇವನ್ನು ದಂಡಗಳೆನ್ನುತ್ತೇವೆ.) ಎರಡನ್ನೂ ಮುಂದಕ್ಕೆ ಒತ್ತಿದರೆ ಉಂಡೆ ಮುಂದಕ್ಕೆ. ಎಡದ್ದನ್ನು ಮಾತ್ರ ಒತ್ತಿದರೆ ಬಲಕ್ಕೆ ವಾಲುತ್ತದೆ. ಒಂದು ಮುಂದೆ ಒಂದು ಹಿಂದೆ ಮಾಡಿದರೆ ರಾಜಕುಮಾರ ಉಂಡೆಯ ಸುತ್ತ ಪ್ರದಕ್ಷಿಣೆ ಬರುತ್ತಾನೆ. ಒಂದಾದ ಮೇಲೊಂದನ್ನು ಬಿರುಸಾಗಿ ಆಡಿಸಿದರೆ ಓಟ. ಎರಡನ್ನೂ ಒಟ್ಟಿಗೆ ಒಳಕ್ಕೆ ಅದುಮಿದರೆ ಉಂಡೆಯ ಮೇಲಿಂದ ಹಾರಿ ಆಚೆ ಬದಿಗೆ. ತರಕಾರಿ ತಳ್ಳುಗಾಡಿಯನ್ನು ಒಂದು ಸಲ ತಳ್ಳಿದವರಿಗೆ ಇದರ ವ್ಯಾಕರಣ ಬೇರೆ ಕಲಿಸಬೇಕಿಲ್ಲ. ಅಂಗೈಗಳ ಕೆಲಸವನ್ನು ಹೆಬ್ಬೆರಳುಗಳಿಗೆ ಒಪ್ಪಿಸಲಾಗಿದೆ, ಅಷ್ಟೇ.

ಆದ್ದರಿಂದ ನಮ್ಮ ಸೂತ್ರ: ಉಂಡೆ ಒಂದು, ದಂಡ ಎರಡು, ಎರಡೂ ಸಮ.

ಇದಕ್ಕೆ ಪೂರ್ವಪಕ್ಷಗಳು ಹಲವು. 2007ರಲ್ಲಿ ‘ಬ್ಯೂಟಿಫುಲ್ ಕಟಮಾರಿ’ಯ ಮೂಲಕ ಉಂಡೆ ಎಕ್ಸ್‌ಬಾಕ್ಸ್ 360ಕ್ಕೆ ಹೋಯಿತು. ಪ್ಲೇಸ್ಟೇಷನ್ನಿನ ಕಂಟ್ರೋಲರಿನಲ್ಲಿ ಎರಡು ದಂಡಗಳೂ ಒಂದೇ ಸಾಲಿನಲ್ಲಿ ಕೂತಿದ್ದರೆ, ಇಲ್ಲಿ ಎಡದ್ದು ಮೇಲೆ, ಬಲದ್ದು ಕೆಳಗೆ. ದ್ವೈತವೇನೋ ಉಳಿಯಿತು, ಜೊತೆಗೆ ತಾರತಮ್ಯವೂ ಬಂತು. ಉಂಡೆ ನೇರವಾಗಿಯೇ ಹೋಗುತ್ತದೆ, ಸುಳ್ಳು ಹೇಳಬಾರದು. ಆದರೆ ತಳ್ಳುವವನ ಒಂದು ಭುಜ ಸದಾ ಮೇಲೆದ್ದಂತೆ ಭಾಸವಾಗುತ್ತದೆ. ಗೇಮ್‌ಕ್ಯೂಬ್ ಪಂಥದವರ ಬಲದಂಡ ಹಳದಿ ಬಣ್ಣದ ಪುಟ್ಟ ಗುಬಟು. ಅದನ್ನು ಒಳಕ್ಕೆ ಅದುಮಲೂ ಬರುವುದಿಲ್ಲ. ಅಲ್ಲಿ ರಾಜಕುಮಾರನಿಗೆ ಹಾರುವ ಹಕ್ಕೇ ಇಲ್ಲ.

ನಿಂಟೆಂಡೊ 64ರ ಕಂಟ್ರೋಲರ್ ತ್ರಿದಂಡಿ ಸನ್ಯಾಸಿಯಂತೆ ಕಂಡರೂ ಮೂರೂ ಬರೀ ಹಿಡಿಗಳು. ನಿಜವಾದ ದಂಡ ಒಂದೇ. ಇದಕ್ಕೆ ಪರಿಹಾರವಿಲ್ಲವೆಂದಲ್ಲ. 1997ರ ‘ಗೋಲ್ಡನ್‌ಐ’ ಗೇಮಿನಲ್ಲಿ ಒಬ್ಬನೇ ಆಟಗಾರ ಕೈಗೊಂದರಂತೆ ಎರಡು ಕಂಟ್ರೋಲರ್ ಹಿಡಿಯುವ ಕ್ರಮವಿತ್ತು. ಆ ನ್ಯಾಯವನ್ನೇ ಇಲ್ಲಿಗೂ ಅನ್ವಯಿಸಬಹುದು. ಆಗ ಹಿಡಿಗಳು ಆರು, ಕೈಗಳು ಎರಡು. ಮಿಕ್ಕ ನಾಲ್ಕಕ್ಕೆ ಚತುರ್ಭುಜನಾದ ಯಾರನ್ನಾದರೂ ಬರಮಾಡಿಕೊಳ್ಳಬೇಕು.

ಪಿಎಸ್‌ಪಿಯದು ಕರುಣಾಜನಕ ಅಧ್ಯಾಯ. ಅದಕ್ಕೂ ಇದ್ದ ದಂಡ ಒಂದೇ. ‘ಮೀ ಆ್ಯಂಡ್ ಮೈ ಕಟಮಾರಿ’ ಮಾಡಿದವರು ಎಡಗೈಗೆ ದಿಕ್ಕಿನ ಬಟನ್‌ಗಳನ್ನೂ ಬಲಗೈಗೆ ಎದುರಿನ ನಾಲ್ಕು ಬಟನ್‌ಗಳನ್ನೂ ಕೊಟ್ಟು ದಂಡಗಳೆಂದು ಭಾವಿಸಿಕೊಳ್ಳಿ ಎಂದರು. ಭಾವಿಸಿಕೊಳ್ಳಬಹುದು. ಆದರೆ ಬಟನ್ ತಿಳಿದಿರುವುದು ಅಸ್ತಿ, ನಾಸ್ತಿ ಎರಡನ್ನೇ. ಸ್ವಲ್ಪ ಒತ್ತುವುದು, ಅರೆಮನಸ್ಸಿನಿಂದ ಒತ್ತುವುದು, ಗೋಡೆಯ ಹತ್ತಿರ ಬಂದಾಗ ಹಿಂಜರಿಯುತ್ತ ಒತ್ತುವುದು ಇವೆಲ್ಲ ಅಲ್ಲಿ ಸತ್ತವು.

ಐಫೋನಿನ ಉಂಡೆಯ ವಾದ ಇನ್ನೂ ಸೂಕ್ಷ್ಮ. ಅಲ್ಲಿ ಫೋನನ್ನು ವಾಲಿಸಿದರೆ ಉಂಡೆ ಉರುಳುತ್ತದೆ. ಸುಲಭವಲ್ಲವೇ ಎಂದು ಕೇಳುತ್ತಾರೆ. ಸುಲಭವೇ, ದೋಷ ಇರುವುದೇ ಅಲ್ಲಿ. ಲೋಕವೇ ಇಳಿಜಾರಾದ ಮೇಲೆ ತಳ್ಳುವವನು ಯಾಕೆ ಬೇಕು? ರಾಜಕುಮಾರ ಉಂಡೆಯ ಹಿಂದೆ ಸುಮ್ಮನೆ ಕೈಯಿಟ್ಟುಕೊಂಡು ಓಡುವ, ಸರ್ಕಾರಿ ಸಮಾರಂಭದಲ್ಲಿ ರಿಬ್ಬನ್ ತಟ್ಟೆ ಹಿಡಿದವರಂಥ ಆಸಾಮಿಯಾಗುತ್ತಾನೆ. ಈ ಗೇಮಿನ ರುಚಿಯೆಲ್ಲ ಅದರ ಒಡ್ಡೊಡ್ಡುತನದಲ್ಲಿದೆ ಎಂಬುದನ್ನು ಸುಧಾರಕರು ಮರೆಯುತ್ತಾರೆ. 5 ಸೆಂಟಿಮೀಟರಿನ ಹುಡುಗ 300 ಮೀಟರಿನ ಉಂಡೆ ತಳ್ಳುವಾಗ ಅದು ಹೇಳಿದ ಮಾತು ಕೇಳಿಬಿಟ್ಟರೆ ಆಡುವುದಾದರೂ ಏನನ್ನು? ಮೂಲೆಯಲ್ಲಿ ಸಿಕ್ಕಿಕೊಂಡು, ಎಡ ಬಲ ಗಲಿಬಿಲಿಯಾಗಿ, ಬೆಕ್ಕಿನಿಂದ ಒದೆಸಿಕೊಂಡು, ಅಂಟಿದ್ದ ನಾಲ್ಕು ಪೆನ್ಸಿಲ್ ಉದುರಿಸಿಕೊಂಡು, ಮೇಲೆ ಅಪ್ಪನಿಂದ ಬೈಸಿಕೊಳ್ಳುವುದೇ ಆಟ. ತೀರ ಒಗ್ಗುವ ಕಂಟ್ರೋಲರ್ ಈ ಉಂಡೆಗೆ ಒಗ್ಗದು ಎಂಬುದು ನಮ್ಮ ಉಪಸಿದ್ಧಾಂತ.

ಅಟಾರಿ 2600ರದು ಒಂದು ದಂಡ, ಒಂದು ಬಟನ್. ಅದನ್ನು ಚರ್ಚೆಗೆ ಎತ್ತಿಕೊಳ್ಳುವುದೇ ಅವಿನಯ.

ಇನ್ನು ಉಳಿದದ್ದು, ವಿದ್ವಾಂಸರು ಇದುವರೆಗೆ ಕಡೆಗಣಿಸಿದ ಡೋಲು. ‘ಡಾಂಕಿ ಕೊಂಗಾ’ ಎಂಬ ತಾಳದ ಗೇಮಿಗಾಗಿ ಗೇಮ್‌ಕ್ಯೂಬಿಗೆ ಜೋಡಿ ಬಾಂಗೊ ಬಂದಿತ್ತು: ಎರಡು ಡೋಲು, ನಡುವೆ ಚಪ್ಪಾಳೆ ಕೇಳಿಸಿಕೊಳ್ಳುವ ಮೈಕು. ಬರೀ ತಾಳಕ್ಕಷ್ಟೇ ಅದು ಲಾಯಕ್ಕೆಂದು ಹೇಳುವಂತಿಲ್ಲ. 2004ರ ‘ಡಾಂಕಿ ಕಾಂಗ್ ಜಂಗಲ್ ಬೀಟ್’ ಗೇಮಿನಲ್ಲಿ ಕೋತಿಯನ್ನು ಓಡಿಸಿದ್ದು ಇದೇ ಡೋಲು. ಇಲ್ಲಿ ಸಮತೆ ಪರಿಪೂರ್ಣ: ಎಡಕ್ಕೊಂದು ಬಲಕ್ಕೊಂದು, ಮೇಲು ಕೀಳಿಲ್ಲ. ಎರಡನ್ನೂ ಬಡಿದರೆ ಉಂಡೆ ಮುಂದಕ್ಕೆ, ಎಡದ್ದನ್ನು ಬಡಿದರೆ ಬಲಕ್ಕೆ, ಒಂದಾದ ಮೇಲೊಂದನ್ನು ಬಿರುಸಾಗಿ ಬಡಿದರೆ ಓಟ. ‘ಡೋಲನ್ನು ಹಿಂದಕ್ಕೆ ಬಡಿಯಲಾಗುವುದಿಲ್ಲವಲ್ಲ, ಉಂಡೆ ಹಿಂದೆ ಬರುವುದು ಹೇಗೆ?’ ಎಂಬ ಆಕ್ಷೇಪ ಬರುತ್ತದೆ. ಉತ್ತರ: ಚಪ್ಪಾಳೆ. ಒಂದು ತಟ್ಟಿದರೆ ರಾಜಕುಮಾರ ಉಂಡೆಯ ಮೇಲಿಂದ ಆಚೆಗೆ ಹಾರುತ್ತಾನೆ. ಅಲ್ಲಿಂದ ಅವನು ಮುಂದಕ್ಕೆ ತಳ್ಳಿದ್ದು ನಮಗೆ ಹಿಂದಕ್ಕೆ ಬಂದಂತೆಯೇ. ಗೇಮ್‌ಕ್ಯೂಬಿನಲ್ಲಿ ಕಳೆದುಹೋಗಿದ್ದ ಹಾರುವ ಹಕ್ಕು ಗೇಮ್‌ಕ್ಯೂಬಿನಲ್ಲೇ ವಾಪಸು ಸಿಕ್ಕಿತು.

ಬಾಂಗೊವೇ ಉತ್ತಮೋತ್ತಮವೆಂದು ಇಲ್ಲಿಗೆ ಗ್ರಂಥ ಮುಗಿಸಬಹುದಿತ್ತು. ಆದರೆ ಮೈಕಿಗೆ ಚಪ್ಪಾಳೆಗೂ ಬೇರೆ ಸದ್ದಿಗೂ ಭೇದ ಕಾಣುವ ವಿವೇಕ ಕಡಿಮೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತೆಂದರೆ ರಾಜಕುಮಾರ ಆಚೆಗೆ ಹಾರಿದನೆಂದೇ ತಿಳಿಯಬೇಕು. ತೊಗರಿಬೇಳೆ ಬೇಯಲು ಮೂರು ವಿಷಲ್ ಬೇಕು. ಮೂರು ಬೆಸಸಂಖ್ಯೆಯಾದ್ದರಿಂದ ರಾಜಕುಮಾರ ಆಚೆಯೇ ಉಳಿದುಬಿಡುತ್ತಾನೆ. ಅವನನ್ನು ಈಚೆಗೆ ಕರೆತರಲು ನಾಲ್ಕನೆಯ ವಿಷಲ್‌ಗೆ ಕಾಯಬೇಕೇ, ಬೇಳೆ ಕರಗಿ ಸಾರು ಗೊಜ್ಜಾದರೆ ಹೊಣೆ ಯಾರು ಎಂಬ ಪ್ರಶ್ನೆಗೆ ಪಾಕಶಾಸ್ತ್ರದವರು ಬಾಯಿಬಿಡುವ ತನಕ ಉತ್ತರಾರ್ಧವನ್ನು ತಡೆಹಿಡಿಯಲಾಗಿದೆ.