ಅತ್ತೆಯ ಒಂಬತ್ತನೇ ನದಿ

ಮಿಶಿಗನ್‌ನಲ್ಲಿ ಹಿಮ ಕರಗಿ ರಾಬಿನ್ ಹಕ್ಕಿಗಳು ವಾಪಸಾಗುವ ಹೊತ್ತಿಗೆ ಸರಿಯಾಗಿ ಕನ್ನಡದ ಅಮ್ಮಂದಿರೂ ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಇಳಿಯತೊಡಗುತ್ತಾರೆ. ಹಕ್ಕಿಗಳಿಗೆ ವೀಸಾ ಬೇಡ, ಅಮ್ಮಂದಿರಿಗೆ ಆರು ತಿಂಗಳ ಮುದ್ರೆ. ಮತ್ತೆ ಹಿಮ ಬೀಳುವುದರೊಳಗೆ ಎರಡೂ ಪಂಗಡದವರು ಜಾಗ ಖಾಲಿ ಮಾಡುತ್ತಾರೆ. ಆ ಆರು ತಿಂಗಳಲ್ಲಿ ಅಡುಗೆಮನೆಯ ಕಪಾಟುಗಳ ಒಡೆತನ ಬದಲಾಗುತ್ತದೆ, ಮಕ್ಕಳ ಕನ್ನಡ ಸುಧಾರಿಸುತ್ತದೆ, ಸೊಸೆಯಂದಿರಿಗೆ ಆಫೀಸಿನಲ್ಲಿ ಇದ್ದಕ್ಕಿದ್ದಂತೆ ಕೆಲಸ ಜಾಸ್ತಿಯಾಗುತ್ತದೆ. ನನಗೆ ಮಾತ್ರ ಆಗುತ್ತಿರಲಿಲ್ಲ. ಬೆಳಗ್ಗೆ ನಾನು ಹೊರಟ ಮೇಲೆ ಮನೆಯಲ್ಲಿ ಏನೇನಾಯಿತು ಎಂಬ ಕುತೂಹಲವೇ ನನ್ನನ್ನು ಸಂಜೆ ಐದಕ್ಕೆ ಸರಿಯಾಗಿ ಎಬ್ಬಿಸಿ ಮನೆಗೆ ಕಳಿಸುತ್ತಿತ್ತು.

ನಮ್ಮತ್ತೆ ತೀರ್ಥಹಳ್ಳಿಯವರು. ಕಳೆದ ವರ್ಷ ಮಾಘದಲ್ಲಿ ತೀರಿಕೊಂಡರು. ದೇವರು ಎಲ್ಲಿ ಮುಗಿದು ಗಿಡಮರ ಎಲ್ಲಿ ಶುರುವಾಗುತ್ತದೆ ಎಂಬ ಲೆಕ್ಕ ಅವರಿಗಿರಲಿಲ್ಲ. ಹೂವು ಕೊಯ್ಯುವ ಮುಂಚೆ ಗಿಡದ ಅಪ್ಪಣೆ ಕೇಳುತ್ತಿದ್ದರು. ಗಿಡಕ್ಕೆ ಹುಳ ಬಿದ್ದರೆ ದೇವರಿಗೆ ಬೈಯುತ್ತಿದ್ದರು. ಮೊದಲ ಸಲ ಬಂದಾಗ ಸೀರೆಯ ಮಡಿಕೆಯೊಳಗೆ ಕರಿಬೇವಿನ ಸಸಿ ಸುತ್ತಿ ತಂದಿದ್ದರು. ನಿಲ್ದಾಣದಲ್ಲಿ ತಡೆದ ಅಧಿಕಾರಿ, ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟವೊಂದು ಕರಿಬೇವಿನಲ್ಲೂ ಕೂರುತ್ತದೆ, ಆದ್ದರಿಂದ ಒಳಗೆ ಬಿಡುವ ಹಾಗಿಲ್ಲ ಎಂದು ವಿವರಿಸಿದ. ಪಕ್ಕದಲ್ಲಿದ್ದ ಹುಡುಗ ಅದನ್ನು ಕನ್ನಡಕ್ಕೆ ತಂದ. “ಹೌದಲ್ಲ, ಕಿತ್ತಳೆಯೂ ಬದುಕ್ಬೇಕು ಪಾಪ” ಎಂದು ಅತ್ತೆ ಸಸಿಯನ್ನು ಕೊಟ್ಟೇಬಿಟ್ಟರಂತೆ. ಆಮೇಲೆ ಎರಡು ಹೆಜ್ಜೆ ಮುಂದೆ ಹೋದವರು ತಿರುಗಿ ಬಂದು, “ದಿನಾ ನೀರು ಹಾಕ್ತಾನಂತಾ ಕೇಳು” ಎಂದರಂತೆ.

ನಮ್ಮ ಬಡಾವಣೆ ನೋಡಿ ಅವರಿಗೆ ಮೊದಲು ಸಂತೋಷ, ಆಮೇಲೆ ಸಿಟ್ಟು. ಕಣ್ಣು ಹಾಯುವಷ್ಟು ದೂರ ಹಸಿರು ಹುಲ್ಲು, ಅದರಲ್ಲಿ ಗಣಪತಿಗೆ ಏರಿಸಲು ಒಂದೇ ಒಂದು ಗರಿಕೆಯಿಲ್ಲ. ಇಲ್ಲಿನ ಚಳಿ ಗರಿಕೆಗೆ ಆಗಿಬರುವುದಿಲ್ಲ. ದಕ್ಷಿಣದ ಬಿಸಿಲು ರಾಜ್ಯಗಳಲ್ಲಿ ಮಾತ್ರ ಅದರದ್ದೇ ರಾಜ್ಯಭಾರ. ಅಲ್ಲಿನವರು ಬರ್ಮುಡಾ ಹುಲ್ಲು ಎಂದು ಕರೆದು ಗಾಲ್ಫ್ ಮೈದಾನಗಳಿಗೆ ಹಾಸುತ್ತಾರೆ. ಅಟ್ಲಾಂಟಾದ ನಾದಿನಿಯ ಮನೆಗೆ ಹೋದಾಗ ಅತ್ತೆ ಬೇಲಿಯಾಚೆಯ ಮೈದಾನ ನೋಡಿ ಕೈ ಮುಗಿದು ನಿಂತುಬಿಟ್ಟರು. “ಒಂದು ಕೋಟಿ ಗಣಪತಿಗೆ ಆಗುವಷ್ಟಿದೆ ಕಣೇ! ಅದರ ಮೇಲೆ ಬೂಟು ಹಾಕ್ಕೊಂಡು ಕೋಲಲ್ಲಿ ಚೆಂಡು ಹೊಡೀತಾರಲ್ಲ, ಇವರಿಗೆಂತ ಬಂತು?” ಆ ವರ್ಷ ಚೌತಿಗೆ ನಾದಿನಿಯಿಂದ ಒಂದು ದಪ್ಪ ಲಕೋಟೆ ಬಂತು. ಬೇಲಿಯ ಯಾವ ಮಗ್ಗುಲಿನದು ಎಂದು ನಾವು ಯಾರೂ ವಿಚಾರಿಸಲಿಲ್ಲ.

ಬಾಣಂತಿಯ ಪ್ರಕರಣ ಇದಕ್ಕಿಂತ ದೊಡ್ಡದು. ಒಂದು ಮೇ ತಿಂಗಳಲ್ಲಿ ನಮ್ಮ ಮುಂಬಾಗಿಲಿನ ಪ್ಲಾಸ್ಟಿಕ್ ಮಾವಿನ ತೋರಣದ ಹಿಂದೆ, ಗೋಡೆದೀಪದ ನೆತ್ತಿಯ ಮೇಲೆ, ರಾಬಿನ್ ಒಂದು ಗೂಡು ಕಟ್ಟಿತು. ಹುಲ್ಲು, ಕೆಸರು, ಜೊತೆಗೆ ನಮ್ಮ ತೋರಣದಿಂದಲೇ ಎಳೆದ ಕೆಂಪು ದಾರ. ಒಳಗೆ ತಿಳಿನೀಲಿ ಮೊಟ್ಟೆಗಳು. ನಮ್ಮ ಯಜಮಾನರು ಫೋನು ತಡಕಾಡಿ, “1918ರ ವಲಸೆ ಹಕ್ಕಿಗಳ ಕಾಯ್ದೆ ಪ್ರಕಾರ ಈ ಗೂಡು ಮುಟ್ಟೋ ಹಾಗಿಲ್ಲ ಅಮ್ಮಾ” ಎಂದು ಗಂಭೀರವಾಗಿ ಘೋಷಿಸಿದರು.

“ಕಾಯ್ದೆ ಇಲ್ದಿದ್ರೆ ಮುಟ್ತಿದ್ಯಾ ಮಾರಾಯ?”

ಯಜಮಾನರು ಫೋನು ಜೇಬಿಗೆ ಹಾಕಿಕೊಂಡರು. ಅತ್ತೆ ಅಂದೇ ಮುಂಬಾಗಿಲಿಗೆ ಚಿಲಕ ಜಡಿದರು. ಕರೆಗಂಟೆಗೆ ಮೊಮ್ಮಗನ ಕಾಲುಚೀಲ ತೊಡಿಸಿದರು. ಕಾವು ಕೂರಲು ಎರಡು ವಾರ, ಮರಿ ಹಾರಲು ಇನ್ನೆರಡು ವಾರ. ಅಲ್ಲಿಯವರೆಗೆ ಎಲ್ಲರೂ ಗ್ಯಾರೇಜಿನಿಂದ ಓಡಾಡಬೇಕು. ಸತ್ಯನಾರಾಯಣ ಪೂಜೆಗೆ ಬಂದವರು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಹುಲ್ಲು ಕತ್ತರಿಸುವ ಯಂತ್ರ, ಹಿಮ ತಳ್ಳುವ ಯಂತ್ರ, ಹಳೆಯ ಟೈರುಗಳ ನಡುವೆ ಪ್ರದಕ್ಷಿಣೆ ಬಂದಂತೆ ಬಂದರು. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬಾಗಿಲ ಮೇಲೆ ಅತ್ತೆ ದಪ್ಪಕ್ಷರದಲ್ಲಿ, ಅಚ್ಚಗನ್ನಡದಲ್ಲಿ ಒಂದು ಚೀಟಿ ಅಂಟಿಸಿದ್ದರು: “ಒಳಗೆ ಬಾಣಂತಿ ಇದ್ದಾಳೆ. ಶಬ್ದ ಮಾಡಬೇಡಿ.”

ಪಾರ್ಸೆಲ್ ತರುವ ಹುಡುಗನಿಗೆ ಅದು ಓದಲು ಬರಲಿಲ್ಲ, ಅವನು ಎಂದಿನಂತೆ ಧಡಾರನೆ ಪೆಟ್ಟಿಗೆ ಎಸೆದು ಹೋದ. ಓದಲು ಬರುವವರು ಕನ್ನಡ ಕೂಟದ ವಾಟ್ಸಾಪಿಗೆ ಸುದ್ದಿ ಮುಟ್ಟಿಸಿದರು. ಐವತ್ತರ ಅಂಚಿನಲ್ಲಿದ್ದ ನನಗೆ ಎರಡು ದಿನ ಅಭಿನಂದನೆಗಳ ಸುರಿಮಳೆ. ಒಬ್ಬರು ಮೆಲುದನಿಯಲ್ಲಿ, “ಇಷ್ಟು ದಿನ ಹೇಗ್ರೀ ಮುಚ್ಚಿಟ್ರಿ?” ಎಂದು ಕೇಳಿದರು. ಹುಬ್ಬಳ್ಳಿಯ ಗೆಳತಿ ಡಬ್ಬಿ ತುಂಬ ಅಂಟಿನುಂಡೆ ಕಟ್ಟಿಕೊಂಡು ಗ್ಯಾರೇಜಿನಲ್ಲಿ ಪ್ರತ್ಯಕ್ಷಳಾದಳು. ಅತ್ತೆ ಅವಳ ಕೈ ಹಿಡಿದು ಕಿಟಕಿಯ ಬಳಿ ಒಯ್ದು ಬಾಣಂತಿಯನ್ನು ತೋರಿಸಿದರು. ಅಂಟಿನುಂಡೆ ಹಿಂದಿರುಗಿಸುವುದು ಶ್ರೇಯಸ್ಸಲ್ಲವೆಂದು ನಾವೇ ತಿಂದೆವು.

ರಾಹುಕಾಲದಲ್ಲೂ ಅತ್ತೆಗೆ ರಿಯಾಯಿತಿ ಗೊತ್ತಿರಲಿಲ್ಲ. ಹಗಲನ್ನು ಎಂಟು ಪಾಲು ಮಾಡಿದರೆ ಭಾನುವಾರದ ಕೊನೆಯ ಪಾಲು ರಾಹುವಿನದು. ಊರಲ್ಲಿ ಅದು ಸಂಜೆ ನಾಲ್ಕೂವರೆಯಿಂದ ಆರು. ಡೆಟ್ರಾಯಿಟ್‌ನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂ ಕಾಲಿಗೆ ತಾನೇ? ಅತ್ತೆ ಲೆಕ್ಕ ಹಾಕಿದರು: ಏಳೂ ಕಾಲರಿಂದ ಒಂಬತ್ತೂ ಕಾಲು, ಹೆಚ್ಚು ಕಡಿಮೆ ಎರಡು ತಾಸು. ಕಾರು ಕಾರ್ಖಾನೆಗಳ ಊರಲ್ಲಿ ರಾಹುವೂ ಓವರ್‌ಟೈಮ್ ಮಾಡುತ್ತಿದ್ದ. ಭಾನುವಾರ ಊಟಕ್ಕೆ ಬಂದವರು ಎಂಟಕ್ಕೆ ಎದ್ದರೆ ಚಪ್ಪಲಿ ಸಿಗುತ್ತಿರಲಿಲ್ಲ. ಅತ್ತೆ ಅವನ್ನು ಒಲೆಯಡಿಯ ಡ್ರಾಯರಿಗೆ ಸೇರಿಸಿರುತ್ತಿದ್ದರು.

ಹ್ಯೂರಾನ್ ಸರೋವರ ತೋರಿಸಲು ಕರೆದುಕೊಂಡು ಹೋದದ್ದು ಒಂದು ಭೀಮನ ಅಮಾವಾಸ್ಯೆಯ ದಿನ. ಆಚೆ ದಡ ಕಾಣದು, ಅಲೆ ಬರುತ್ತಿದೆ, ಮರಳಿದೆ. ಎಳ್ಳಮಾವಾಸ್ಯೆಗೆ ತಮ್ಮೂರಿನ ರಾಮತೀರ್ಥದಲ್ಲಿ ಮಿಂದು ಬೆಳೆದ ಅತ್ತೆ ಸಮುದ್ರಸ್ನಾನಕ್ಕೆಂದೇ ಬದಲಿ ಸೀರೆ ತಂದಿದ್ದರು. ಮೊಣಕಾಲವರೆಗೆ ಇಳಿದು, ಬೊಗಸೆ ನೀರೆತ್ತಿ ಬಾಯಿಗೆ ಹಾಕಿಕೊಂಡವರೇ ದಂಗಾಗಿ ತಿರುಗಿದರು.

“ಎಂತ ಮಾರಾಯ್ತಿ, ಇದಕ್ಕೆ ಉಪ್ಪೇ ಹಾಕಿಲ್ಲ!”

ಸಮುದ್ರವಲ್ಲ, ಸಿಹಿನೀರು, ಇಂಥವು ಐದಿವೆ, ಭೂಮಿಯ ಮೇಲ್ಮೈಯ ಸಿಹಿನೀರಿನ ಐದನೇ ಒಂದು ಪಾಲು ಇವುಗಳಲ್ಲೇ ಇದೆ ಎಂದು ಮೊಮ್ಮಗ ಶಾಲೆಯ ಪಾಠ ಒಪ್ಪಿಸಿದ. ಅತ್ತೆ ಇನ್ನೊಂದು ಗುಟುಕು ಕುಡಿದರು. “ಗಂಗಾ ಸ್ನಾನ, ತುಂಗಾ ಪಾನ” ಎಂಬ ಗಾದೆಯ ಊರಿನವರು. ಬೇರೆ ನೀರಿಗೆ ಸುಲಭಕ್ಕೆ ಅಂಕ ಕೊಡುವ ನಾಲಗೆಯಲ್ಲ. ಬಹಳ ಹೊತ್ತು ಚಪ್ಪರಿಸಿ, “ಅಡ್ಡಿಲ್ಲ” ಎಂದರು. ಮಲೆನಾಡಿನಲ್ಲಿ ಅದಕ್ಕಿಂತ ದೊಡ್ಡ ಪದವಿಯಿಲ್ಲ.

ಆದರೆ ಇಷ್ಟೊಂದು ನೀರಿಗೆ ಒಂದು ಶ್ಲೋಕವಿಲ್ಲದ್ದು ಅವರನ್ನು ಕಾಡಿತು. ಸ್ನಾನದ ಶ್ಲೋಕದಲ್ಲಿ ಇರುವುದು ಏಳೇ ನದಿ. ಅದರಲ್ಲಿ ತುಂಗೆ ಇಲ್ಲ. “ಬರೆದವನು ನಮ್ಮ ಕಡೆ ಬಂದಿಲ್ಲ ಬಿಡು” ಎಂದು ಅತ್ತೆ ಮದುವೆಯಾದಾಗಿನಿಂದಲೂ ಕಾವೇರಿಯ ನಂತರ ತುಂಗೆಯನ್ನು ಸೇರಿಸಿಕೊಂಡೇ ಹೇಳುತ್ತಿದ್ದವರು. ಬಾಗಿಲು ಒಮ್ಮೆ ತೆರೆದ ಮೇಲೆ ಒಬ್ಬಳಿಗೇ ಯಾಕೆ? ಅಂದು ಮೂರು ಸಲ ಮುಳುಗಿ ಎದ್ದು, “ತುಂಗೇ, ಹ್ಯೂರಾನೇ” ಎಂದು ಸಂಸ್ಕೃತದ ಸಂಬೋಧನೆಯಲ್ಲೇ ಗಟ್ಟಿಯಾಗಿ ಕರೆದರು. ಪಕ್ಕದಲ್ಲಿ ಈಜುತ್ತಿದ್ದ ಬಿಳಿಯ ಹೆಂಗಸು, ಸರೋವರದ ಹೆಸರು ಕೇಳಿಸಿದ್ದರಿಂದ ಇರಬೇಕು, ನಕ್ಕು ತಲೆಯಾಡಿಸಿದಳು.

ಚಳಿಗಾಲದಲ್ಲಿ ಊರಿಂದ ವೀಡಿಯೋ ಕರೆ ಬಂದರೆ ಮೊದಲು ತುಳಸಿಯ ದರ್ಶನ, ಆಮೇಲೆ ಮೊಮ್ಮಕ್ಕಳದ್ದು. ಅಡುಗೆಮನೆಯ ಕಿಟಕಿಯಲ್ಲಿ ಎಲೆ ಉದುರಿಸಿ ಕಡ್ಡಿಯಾಗಿ ನಿಂತ ತುಳಸಿಗೆ, “ಇನ್ನೆರಡು ತಿಂಗಳು ತಡ್ಕೊ, ನಾ ಬರ್ತೆ” ಎನ್ನುತ್ತಿದ್ದರು. ಕಳೆದ ಮಾಘದಲ್ಲಿ ಅದು ತಡೆದುಕೊಂಡಿತು, ಇವರಿಗಾಗಲಿಲ್ಲ. ಮೈದುನ ತುಂಗೆಯಲ್ಲೇ ಅಸ್ಥಿ ಬಿಟ್ಟರು.

ಈ ಮಾಘದಲ್ಲಿ ವರ್ಷಾಂತಿಕ ನಮ್ಮ ಮನೆಯಲ್ಲಾಯಿತು. ಹೊರಗೆ ಮೊಣಕಾಲುದ್ದ ಹಿಮ. ಭಟ್ಟರು ಶಾಲು, ಅದರ ಮೇಲೆ ಜಾಕೆಟ್ಟು, ಅದರ ಮೇಲೆ ಇನ್ನೊಂದು ಶಾಲು ಹೊದ್ದು ಬಂದರು. ಸಂಕಲ್ಪದಲ್ಲಿ ಜಂಬೂದ್ವೀಪ ಬಿಟ್ಟು, ಅಮೆರಿಕದ ರೂಢಿಯಂತೆ ಕ್ರೌಂಚದ್ವೀಪ, ರಮಣಕವರ್ಷ ಎಂದರು. “ವಿಳಾಸ ಬದಲಾದ್ರೆ ದೇವರಿಗೂ ತಿಳಿಸ್ಬೇಕಲ್ಲ” ಎಂದು ಅತ್ತೆ ಎಂದೋ ಒಪ್ಪಿಗೆ ಕೊಟ್ಟಿದ್ದ ಪಾಠವೇ. ಕಲಶಕ್ಕೆ ನದಿಗಳನ್ನು ಕರೆಯುವ ಹೊತ್ತು ಬಂತು. ಭಟ್ಟರು ಕಾವೇರಿಗೆ ನಿಲ್ಲಿಸಿದರು. ಕಲಶ ಹಿಡಿದಿದ್ದ ನನ್ನ ಮಗ ನಿಲ್ಲಿಸಲಿಲ್ಲ.

“ತುಂಗೇ, ಹ್ಯೂರಾನೇ.”

ಭಟ್ಟರು ಕನ್ನಡಕ ಸರಿಮಾಡಿಕೊಂಡು, ತಮಗೆ ತಿಳಿಯದ ಪಾಠಾಂತರವಿರಬೇಕೆಂಬ ಅಂಜಿಕೆಯಲ್ಲೇ ಕೇಳಿದರು: “ಅದು ಎಲ್ಲಿ ಬರುತ್ತಪ್ಪಾ?”

“ಐ-94 ಹಿಡಿದು ಸೀದಾ ಪೂರ್ವಕ್ಕೆ ಹೋಗಿ,” ಎಂದ ಮಗ, “ರಸ್ತೆ ಮುಗಿಯೋ ಕಡೆ ಬರುತ್ತೆ.”